ಮಾಮೂನ ರಿಕ್ಷಾದಲ್ಲಿದ್ದ ಶಂಕರ್ ನಾಗ್

ಈ ಸಲದ ವಾರ್ತಾಪತ್ರಕ್ಕೆ ಪ್ರಸಿದ್ಧ ವ್ಯಕ್ತಿಯೊಬ್ಬರ ಜೀವನ ಪರಿಚಯ ಬರೆದುಕೊಡಬೇಕು ಎಂದು ಕನ್ನಡ ಮೇಡಂ ಹೇಳಿದಾಗ ನಮ್ಮ ತರಗತಿಯಲ್ಲಿ ಮೊದಲು ಕೈ ಎತ್ತಿದವರು ಅಬ್ದುಲ್ ಕಲಾಂ ಅವರನ್ನು ತೆಗೆದುಕೊಂಡರು. ಎರಡನೆಯವರು ಮೌಲಾನಾ ಆಜಾದ್. ಶಿವರಾಮ ಕಾರಂತರೂ ಸರ್ ಸಯ್ಯದರೂ ಐದು ನಿಮಿಷದೊಳಗೆ ಖಾಲಿಯಾದರು. ನಾನು ಶಂಕರ್ ನಾಗ್ ಎಂದೆ. ಹಿಂದಿನ ಬೆಂಚಿನವರು ನಕ್ಕರು. ಮೇಡಂ ಸ್ವಲ್ಪ ಯೋಚಿಸಿ ಒಪ್ಪಿಕೊಂಡರು. ಹಾಡಿನ ಸಾಲು, ಸಿನಿಮಾದ ಡೈಲಾಗು ಹಾಕಿ ಪುಟ ತುಂಬಿಸಬಾರದು ಎಂಬುದು ಅವರ ಒಂದೇ ಷರತ್ತು. ಹಾಗಾಗಿ ಇದರಲ್ಲಿ ಅವು ಯಾವುವೂ ಇಲ್ಲ.

ನಾನು ಅವರನ್ನು ಆರಿಸಿಕೊಳ್ಳಲು ಕಾರಣ ಒಂದು ರಿಕ್ಷಾ. ನನ್ನ ಮಾಮೂ ಕಾಪುವಿನಲ್ಲಿ ರಿಕ್ಷಾ ಓಡಿಸುತ್ತಾರೆ. ಅದಕ್ಕೂ ಮೊದಲು ಹಲವು ವರ್ಷ ಬೆಂಗಳೂರಿನಲ್ಲಿ ಓಡಿಸುತ್ತಿದ್ದರು. ಅಲ್ಲಿಂದ ಬರುವಾಗ ತಂದ ಅಭ್ಯಾಸಗಳಲ್ಲಿ ಒಂದು, ರಿಕ್ಷಾದ ಒಳಗೆ ಮೀಟರಿನ ಮೇಲೆ ಶಂಕರ್ ನಾಗ್ ಅವರ ಫೋಟೋ ಅಂಟಿಸುವುದು. ಒಂದು ಕಡೆ ಮಕ್ಕಾದ ಚಿತ್ರ, ಇನ್ನೊಂದು ಕಡೆ ಗಡ್ಡ ಬಿಟ್ಟ ಈ ಮನುಷ್ಯ. ಸಣ್ಣವನಿದ್ದಾಗ ನಾನು ಅವರನ್ನು ನಮ್ಮ ಸಂಬಂಧಿಕರು ಎಂದೇ ತಿಳಿದುಕೊಂಡಿದ್ದೆ. ಸೌದಿಯಲ್ಲಿರುವ ಯಾರೋ ದೊಡ್ಡ ಮಾಮೂ ಇರಬೇಕು ಎಂದುಕೊಂಡಿದ್ದೆ. ಸಿನಿಮಾ ನಟ ಎಂದು ಗೊತ್ತಾದದ್ದು ಐದನೇ ಕ್ಲಾಸಿನಲ್ಲಿ. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದೆ ಎಂದು ಗೊತ್ತಾದದ್ದು ಇನ್ನೂ ಆಮೇಲೆ.

ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ನಮ್ಮ ಕರಾವಳಿಯ ಮೇಲ್ಭಾಗದ ಹೊನ್ನಾವರದಲ್ಲಿ. ಮನೆತನದ ಹೆಸರು ನಾಗರಕಟ್ಟೆ. ಅದನ್ನು ಗಿಡ್ಡ ಮಾಡಿದ್ದೇ ನಾಗ್. ಅಣ್ಣ ಅನಂತ್ ನಾಗ್ ಆರು ವರ್ಷ ದೊಡ್ಡವರು, ಈಗಲೂ ನಟಿಸುತ್ತಿದ್ದಾರೆ. ಮನೆಮಾತು ಕೊಂಕಣಿ. ತಮ್ಮ ನಾಟಕ ಕಲಿತದ್ದು ಮುಂಬೈಯ ಮರಾಠಿ ರಂಗಭೂಮಿಯಲ್ಲಿ. ಮುಂದೆ ಜೊತೆಯಾದ ಅರುಂಧತಿ ಅವರೂ ಅಲ್ಲಿಯ ರಂಗಭೂಮಿಯಿಂದಲೇ ಬಂದವರು. '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಶಂಕರ್ ಪಾಲಿದೆ. ಪುಣೆಯಲ್ಲಿ ಬ್ರಿಟಿಷ್ ಅಧಿಕಾರಿಯನ್ನು ಕೊಂದ ಚಾಪೇಕರ್ ಸಹೋದರರ ಕಥೆ ಅದು. ಒಟ್ಟಿನಲ್ಲಿ ಇಪ್ಪತ್ತು ದಾಟುವವರೆಗೆ ಅವರು ಕನ್ನಡದವರಾಗಿ ಕೆಲಸ ಮಾಡಿದವರೇ ಅಲ್ಲ.

ಇದನ್ನು ಓದಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ನಮ್ಮ ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ತುಳು, ಗೆಳೆಯರಲ್ಲಿ ಅರ್ಧ ಜನರದ್ದು ಬ್ಯಾರಿ. ನನ್ನ ಕನ್ನಡ ಶಾಲೆಯ ಕನ್ನಡ. ಪ್ರಬಂಧ ಓದುವಾಗ ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲಾಗಿ ಕ್ಲಾಸ್ ಪೂರ್ತಿ ನಕ್ಕದ್ದಿದೆ. ಈ ಲೇಖನವನ್ನು ಮೇಡಂ ಎರಡು ಸಲ ತಿದ್ದಿದ್ದಾರೆ. ಕೊಂಕಣಿ ಮನೆಯ, ಮರಾಠಿ ನಾಟಕದ ಹುಡುಗ ಕನ್ನಡಕ್ಕೆ ಬಂದು ಕನ್ನಡದವರ ರಿಕ್ಷಾದಲ್ಲೆಲ್ಲ ಕುಳಿತದ್ದು ಸಣ್ಣ ಸಂಗತಿಯಲ್ಲ.

ಅವರನ್ನು ಕನ್ನಡಕ್ಕೆ ತಂದದ್ದು ಗಿರೀಶ್ ಕಾರ್ನಾಡ್ ನಿರ್ದೇಶಿಸಿದ 'ಒಂದಾನೊಂದು ಕಾಲದಲ್ಲಿ', 1978ರಲ್ಲಿ. ಅದರಲ್ಲಿ ಶಂಕರ್ ಬಾಡಿಗೆಗೆ ಯುದ್ಧ ಮಾಡುವ ಸೈನಿಕ. ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವ ಇದರಲ್ಲಿದೆ. ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮೊದಲ ಕನ್ನಡ ಚಿತ್ರ, ವಯಸ್ಸು ಇಪ್ಪತ್ತನಾಲ್ಕು. ಬೇರೆಯವರಾದರೆ ಅಂಥದ್ದೇ ಇನ್ನೊಂದು ಪಾತ್ರಕ್ಕೆ ಕಾಯುತ್ತಿದ್ದರೋ ಏನೋ. ಇವರು ಬಂದ ಸಿನಿಮಾಗಳನ್ನೆಲ್ಲ ಒಪ್ಪಿಕೊಂಡು ನಟಿಸುತ್ತಾ ಹೋದರು. ಕರಾಟೆ ಚಿತ್ರ, ಫೈಟಿಂಗ್ ಚಿತ್ರ, ಅಳಿಸುವ ಚಿತ್ರ, ಹೀಗೆ ಹನ್ನೆರಡು ವರ್ಷದಲ್ಲಿ 80ಕ್ಕೂ ಹೆಚ್ಚು. ಎಲ್ಲವೂ ಚೆನ್ನಾಗಿಲ್ಲ. ನಾನು ನೋಡಿದವುಗಳಲ್ಲಿ ಕೆಲವನ್ನು ಅರ್ಧಕ್ಕೇ ಬಿಟ್ಟಿದ್ದೇನೆ. ಮಾಮೂಗೆ ಹೇಳಬೇಡಿ.

ರಿಕ್ಷಾದವರಿಗೆ ಅವರು ಆಪ್ತರಾದದ್ದು 1980ರ 'ಆಟೋ ರಾಜ'ದಿಂದ. ಅಲ್ಲಿಯವರೆಗೆ ಸಿನಿಮಾದಲ್ಲಿ ರಿಕ್ಷಾದವರೆಂದರೆ ಹೀರೋನನ್ನು ಇಳಿಸಿ ಹೋಗುವವರು ಎಂದು ಮಾಮೂ ಹೇಳುತ್ತಾರೆ. ಇಲ್ಲಿ ರಿಕ್ಷಾದವನೇ ಹೀರೋ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅವರು ತಾವೇ ನಿರ್ದೇಶಿಸಿದ ಅಪರಾಧದ ಕಥೆಗಳ ಬಗ್ಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಕ್ರೈಂ ಸಿನಿಮಾಗಳು ಬಂದವು. ಕತ್ತಲೆ, ನೆರಳು, ಮಳೆ, ಮಂಜು, ಕೆಟ್ಟ ಗಳಿಗೆಯಲ್ಲಿ ತಪ್ಪು ಹೆಜ್ಜೆ ಇಟ್ಟ ಸಾಮಾನ್ಯ ಮನುಷ್ಯ. ಯುದ್ಧ ಮುಗಿದ ಮೇಲೆ ಫ್ರಾನ್ಸಿನ ವಿಮರ್ಶಕರು ಇವನ್ನು ನೋಡಿ ಫಿಲ್ಮ್ ನ್ವಾರ್, ಅಂದರೆ ಕಪ್ಪು ಸಿನಿಮಾ ಎಂದು ಕರೆದರು. ಅವುಗಳಲ್ಲಿ ಎಷ್ಟೋ ಚಿತ್ರಗಳಿಗೆ ಹಣವೇ ಇರಲಿಲ್ಲ. 1945ರಲ್ಲಿ ಎಡ್ಗರ್ ಅಲ್ಮರ್ ಎಂಬವರು ಮಾಡಿದ 'ಡಿಟೂರ್' ಬಹುಪಾಲು ಒಂದು ಕಾರಿನೊಳಗೆ, ಒಂದು ಕೋಣೆಯೊಳಗೆ ನಡೆಯುತ್ತದೆ. ಕಾರು ಓಡುವುದಿಲ್ಲ, ಹಿಂದಿನ ಪರದೆಯ ಮೇಲೆ ರಸ್ತೆ ಓಡುತ್ತದೆ. ದೀಪ ಕಡಿಮೆ ಮಾಡಿ ಮಂಜು ಬಿಟ್ಟರೆ ಸೆಟ್ ಇಲ್ಲದ್ದು ಯಾರಿಗೂ ಕಾಣುವುದಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ, ನನಗೆ ಇದು ಬಹಳ ಇಷ್ಟವಾಯಿತು. ಖರ್ಚು ಕಡಿಮೆ ಮಾಡಲು ಮಾಡಿದ ಉಪಾಯವೇ ಸಿನಿಮಾದ ಗುಣವಾಗಿದೆ.

ಶಂಕರ್ ನಾಗ್ ನಿರ್ದೇಶನಕ್ಕೆ ಕೈ ಹಾಕಿದ 'ಮಿಂಚಿನ ಓಟ' ಬಂದದ್ದು 1980ರಲ್ಲಿ. ಅದು ಕಾರು ಕದಿಯುವವರ ಕಥೆ. ಅನಂತ್, ಶಂಕರ್ ಮತ್ತು ಲೋಕನಾಥ್ ಮೂವರೂ ಕಳ್ಳರು. ಕದಿಯುತ್ತಾರೆ, ಸಿಕ್ಕಿಬೀಳುತ್ತಾರೆ, ಜೈಲಿಗೆ ಹೋಗುತ್ತಾರೆ, ಅಲ್ಲಿಂದ ತಪ್ಪಿಸಿಕೊಳ್ಳುತ್ತಾರೆ. ದೊಡ್ಡ ಸೆಟ್ ಇಲ್ಲ. ಇರುವುದು ರಸ್ತೆ, ಗ್ಯಾರೇಜು, ಜೈಲು. ಅಣ್ಣ ತಮ್ಮ ಸೇರಿ ಮನೆಯವರು, ನಾಟಕದ ಗೆಳೆಯರನ್ನೇ ಇಟ್ಟುಕೊಂಡು ಮಾಡಿದಂತಿದೆ. ಅದಕ್ಕೆ ಆ ಸಾಲಿನ ಮೊದಲ ಅತ್ಯುತ್ತಮ ಚಿತ್ರ ಸೇರಿ ಹಲವು ರಾಜ್ಯ ಪ್ರಶಸ್ತಿಗಳು ಬಂದವು. ನಾನು ಗಮನಿಸಿದ್ದು ಬೇರೆ. ಕ್ಯಾಮೆರಾ ಉದ್ದಕ್ಕೂ ಕಳ್ಳರ ಜೊತೆಗೇ ಇರುತ್ತದೆ. ಅವರು ಮಾಡಿದ್ದು ಸರಿ ಎಂದು ಎಲ್ಲೂ ತೋರಿಸುವುದಿಲ್ಲ, ಆದರೆ ಅವರನ್ನು ಮನುಷ್ಯರಲ್ಲ ಎಂದೂ ತೋರಿಸುವುದಿಲ್ಲ.

1985ರ 'ಆಕ್ಸಿಡೆಂಟ್' ಇನ್ನೂ ಗಟ್ಟಿ. ರಾತ್ರಿ ಹೊತ್ತು, ಮಾದಕ ವಸ್ತುವಿನ ನಶೆಯಲ್ಲಿದ್ದ ಶ್ರೀಮಂತ ಹುಡುಗರ ಕಾರು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಯವರ ಮೇಲೆ ಹರಿಯುತ್ತದೆ. ಒಬ್ಬ ಹುಡುಗನ ತಂದೆ ದೊಡ್ಡ ರಾಜಕಾರಣಿ, ಆ ಪಾತ್ರ ಅನಂತ್ ನಾಗ್ ಅವರದ್ದು. ಬದುಕಿ ಉಳಿದು ಎಲ್ಲವನ್ನೂ ಕಂಡವನು ಒಬ್ಬನೇ ಬಡವ, ರಮೇಶ್ ಭಟ್. ಶಂಕರ್ ಅದನ್ನು ಹುಡುಕಿಕೊಂಡು ಹೋಗುವ ಪತ್ರಕರ್ತ. ಇಳಯರಾಜ ಸಂಗೀತವಿದ್ದೂ ಒಂದು ಹಾಡೂ ಇಲ್ಲ. ಆ ಕಾಲದಲ್ಲಿ ಹಾಡಿಲ್ಲದ ಸಿನಿಮಾ ಎಂದರೆ ಮೀನಿಲ್ಲದ ಊಟದ ಹಾಗೆ. ಸಾಮಾಜಿಕ ಸಮಸ್ಯೆಯ ಚಿತ್ರಗಳ ವಿಭಾಗದಲ್ಲಿ ಇದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಕೊನೆ ಏನಾಗುತ್ತದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಇಡೀ ಸಿನಿಮಾ ನೋಡುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ ವಿಷಯ: ಸಾಕ್ಷಿ ಹೇಳುವವನ ಮಾತನ್ನು ಯಾರು ನಂಬುತ್ತಾರೆ?

ಅದಕ್ಕೆ ಕಾರಣವಿದೆ. ನಾನು ಎಂಟನೇ ತರಗತಿಯಲ್ಲಿದ್ದಾಗ ಮಾಮೂನ ರಿಕ್ಷಾದಲ್ಲಿ ಹೋದ ಒಂದು ಕುಟುಂಬದವರು ಮಧ್ಯಾಹ್ನ ಹುಡುಕಿಕೊಂಡು ಬಂದರು. ರಿಕ್ಷಾದಲ್ಲಿ ಬಿಟ್ಟುಹೋದ ಬ್ಯಾಗಿನಲ್ಲಿ ಚಿನ್ನ ಇತ್ತಂತೆ. ಮಾಮೂ ಬ್ಯಾಗು ನೋಡಿರಲಿಲ್ಲ. ಸೀಟು ಕಿತ್ತು ನೋಡಿದರು, ಸಂಜೆವರೆಗೆ ಕೂರಿಸಿಕೊಂಡು ಅದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ಎರಡು ದಿನದ ನಂತರ ಆ ಬ್ಯಾಗು ಅವರ ಮನೆಯಲ್ಲೇ ಸಿಕ್ಕಿತು. ನಮಗೆ ಅದು ತಿಳಿದದ್ದು ಸ್ಟ್ಯಾಂಡಿನ ಇನ್ನೊಬ್ಬರು ಹೇಳಿ. ಅವರು ಯಾರೂ ಬಂದು ಹೇಳಲಿಲ್ಲ. ಅದಾದ ಮೇಲೂ ಕೆಲವು ತಿಂಗಳು ರಿಕ್ಷಾದಿಂದ ಇಳಿಯುವವರು ತಮ್ಮ ಸಾಮಾನನ್ನು ಎರಡೆರಡು ಸಲ ಎಣಿಸುತ್ತಿದ್ದರಂತೆ. ಮಾಮೂ ಇದನ್ನು ನಮ್ಮ ಅಮ್ಮಿಗೆ ಒಂದು ಸಲ ಮಾತ್ರ ಹೇಳಿದ್ದು. ಇಲ್ಲಿ ಬರೆಯಲು ನಾನು ಅವರ ಅನುಮತಿ ಕೇಳಿದ್ದೇನೆ. ಊರವರ ಹೆಸರು ಹಾಕಬೇಡ ಎಂದು ಹೇಳಿ ಒಪ್ಪಿದರು.

ಮತ್ತೆ ಶಂಕರ್ ನಾಗ್ ವಿಷಯಕ್ಕೆ ಬರುತ್ತೇನೆ. ಅವರ ಕೆಲಸಗಳಲ್ಲಿ ನಮಗೆ ಅತ್ಯಂತ ಹತ್ತಿರದಲ್ಲಿ ನಡೆದದ್ದು 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು ದೂರದರ್ಶನಕ್ಕಾಗಿ ಟಿ.ಎಸ್. ನರಸಿಂಹನ್ ನಿರ್ಮಿಸಿದರು, ಶಂಕರ್ ನಿರ್ದೇಶಿಸಿದರು. ಮಾಲ್ಗುಡಿ ಎಂಬ ಊರು ಭೂಪಟದಲ್ಲಿ ಇಲ್ಲ. ಅದಕ್ಕೆ ಅವರು ಆರಿಸಿದ್ದು ಆಗುಂಬೆಯನ್ನು. ಉಡುಪಿಯಿಂದ ಸುಮಾರು 55 ಕಿಲೋಮೀಟರ್, ಹೆಬ್ರಿ ದಾಟಿ ಸೋಮೇಶ್ವರದಿಂದ ಘಾಟಿ ಹತ್ತಿದರೆ 14 ತಿರುವು. ಹಳೆಯ ಕಾಲದಂತೆ ಕಾಣುವ ಊರನ್ನು ಸ್ಟುಡಿಯೋದಲ್ಲಿ ಕಟ್ಟಬೇಕಾದರೆ ಎಷ್ಟು ಖರ್ಚು? ಇಲ್ಲಿ ಹಂಚಿನ ಮನೆಗಳು, ಬೀದಿ, ಮಳೆ ಎಲ್ಲವೂ ಇದ್ದವು. ಊರಿಗೆ ಊರೇ ಮಾಲ್ಗುಡಿಯಾಯಿತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ಎಲ್. ವೈದ್ಯನಾಥನ್ ಸಂಗೀತ, ಶುರುವಿನಲ್ಲಿ ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು. ರೈಲು ನಿಲ್ದಾಣದ ದೃಶ್ಯಗಳಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣ ಬಳಸಿದರು. ಅಲ್ಲಿ ಈಗ ರೈಲ್ವೆಯವರು ಮಾಲ್ಗುಡಿ ಹೆಸರಿನ ಮ್ಯೂಸಿಯಂ ಮಾಡಿದ್ದಾರೆ.

ಕಳೆದ ದಸರಾ ರಜೆಯಲ್ಲಿ ನಾನು ಕಾರ್ಕಳದ ನಾನಿಯ ಮನೆಯಲ್ಲಿದ್ದೆ. ಮಾಮೂ ಬಂದಿದ್ದರು. ಇಬ್ಬರೂ ಹೆಬ್ರಿಗೆ ಒಂದು ಬಸ್ಸು, ಅಲ್ಲಿಂದ ಘಾಟಿ ಹತ್ತುವ ಮಿನಿ ಬಸ್ಸು ಹಿಡಿದು ಆಗುಂಬೆಗೆ ಹೋದೆವು. ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಮಂಜು ಎಷ್ಟು ಕವಿಯಿತೆಂದರೆ ಡ್ರೈವರ್ ಮಧ್ಯಾಹ್ನ ಮೂರು ಗಂಟೆಗೆ ಹೆಡ್‌ಲೈಟ್ ಹಾಕಿದರು. ಎದುರಿನಿಂದ ಬರುವ ಕಾರು ಹತ್ತಿರ ಬರುವವರೆಗೂ ಬರೀ ಎರಡು ಹಳದಿ ಚುಕ್ಕೆ. ಇಲ್ಲಿ ಒಂದು ಕ್ರೈಂ ಸಿನಿಮಾ ಮಾಡಿದರೆ ಮಂಜಿನ ಯಂತ್ರದ ಬಾಡಿಗೆ ಉಳಿಯುತ್ತದೆ ಎಂದು ನಾನು ಹೇಳಿದೆ. ಕಳ್ಳರ ಮೇಲೆ, ಪೊಲೀಸರ ಮೇಲೆ ಇಷ್ಟು ಸಿನಿಮಾ ಮಾಡಿದವರು ಇಂಥ ಜಾಗಕ್ಕೆ ಬಂದು ಮಕ್ಕಳ ಕಥೆ ಮಾಡಿದರಲ್ಲ ಎಂದು ಆಗ ಅನಿಸಿತ್ತು.

ನಾನು ತಪ್ಪಾಗಿದ್ದೆ. ಮನೆಗೆ ಬಂದು ಮಾಲ್ಗುಡಿಯ ಕಂತುಗಳನ್ನು ಒಂದೊಂದಾಗಿ ನೋಡಿದಾಗ ಅಪರಾಧದ ಕಥೆ ಅಲ್ಲಿಯೂ ಸಿಕ್ಕಿತು. ಲೀಲಾ ಎಂಬ ಸಣ್ಣ ಹುಡುಗಿ, ಅವರ ಮನೆಯ ಕೆಲಸದ ಸಿದ್ದ. ಅವರಿಬ್ಬರೂ ಸ್ನೇಹಿತರು. ಒಂದು ದಿನ ಹುಡುಗಿಯ ಚಿನ್ನದ ಸರ ಕಾಣುವುದಿಲ್ಲ. ಸಿದ್ದನ ಮೇಲೆ ಅನುಮಾನ. ಅವನು ಹಿಂದೆ ಜೈಲಿಗೆ ಹೋಗಿ ಬಂದವನು ಎಂದು ಪೊಲೀಸರು ಹೇಳಿದ ಮೇಲೆ ಅನುಮಾನವೇ ಸಾಕ್ಷಿಯಾಗುತ್ತದೆ. ಹುಡುಗಿ ಒಬ್ಬಳೇ ಅವನ ಪರ. ಆಮೇಲೆ ಸರ ಅಡುಗೆಮನೆಯ ಹುಣಸೆಹಣ್ಣಿನ ಪಾತ್ರೆಯಲ್ಲಿ ಸಿಗುತ್ತದೆ, ಹಾಕಿದ್ದು ಹುಡುಗಿಯೇ. ಕಥೆ ಇಲ್ಲಿಗೆ ಮುಗಿದು ಸಿದ್ದ ವಾಪಸು ಬರಬೇಕಿತ್ತು. ಆದರೆ ತಂದೆಗೆ ಅದು ಮುಖ್ಯವೇ ಅಲ್ಲ. ಅಂಥವನನ್ನು ಹೇಗೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ ಎಂದು ಅವರು ಮುಗಿಸಿಬಿಡುತ್ತಾರೆ.

ಪಿಸ್ತೂಲಿಲ್ಲ, ಬೆನ್ನಟ್ಟುವ ಕಾರಿಲ್ಲ, ಕೊಲೆಯಿಲ್ಲ. ಒಂದು ಮನೆ, ನಾಲ್ಕೈದು ಜನ. ನನಗೆ 'ಡಿಟೂರ್'ಗಿಂತ ಹೆಚ್ಚು ಕತ್ತಲು ಕಂಡದ್ದು ಇದರಲ್ಲಿ. ಮಾಮೂಗೆ ಈ ಕಂತನ್ನು ಮೊಬೈಲಿನಲ್ಲಿ ತೋರಿಸಿದೆ. ಪೂರ್ತಿ ನೋಡಿದರು. ಏನೂ ಹೇಳಲಿಲ್ಲ. ಹೇಗಿತ್ತು ಎಂದು ಕೇಳಿದ್ದಕ್ಕೆ, ಶಂಕರಣ್ಣ ಇದರಲ್ಲಿ ಆಕ್ಟ್ ಮಾಡಿಲ್ಲವಲ್ಲ ಎಂದರು.

ಮಾಮೂಗೆ ಇಷ್ಟವಾದದ್ದು 1988ರ 'ಸಾಂಗ್ಲಿಯಾನ'. ನಿಜವಾದ ಪೊಲೀಸ್ ಅಧಿಕಾರಿಯೊಬ್ಬರ ಹೆಸರಿನ ಆ ಚಿತ್ರದಲ್ಲಿ ಶಂಕರ್ ವೇಷ ಮರೆಸಿಕೊಂಡು ಕೆಟ್ಟವರನ್ನು ಹಿಡಿಯುವ ಎಸ್‌ಪಿ. ಆಮೇಲೆ 'ಸಿಬಿಐ ಶಂಕರ್', ಸಾಂಗ್ಲಿಯಾನದ ಎರಡನೇ ಭಾಗ ಎಲ್ಲ ಬಂದವು. ನನಗೆ ಅವುಗಳಿಗಿಂತ 1989ರ 'ತರ್ಕ' ಮೇಲು ಅನಿಸುತ್ತದೆ. ಅದು ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ, ಅದರಲ್ಲಿಯೂ ಹಾಡಿಲ್ಲ, ಪಾತ್ರಗಳೂ ಬೆರಳೆಣಿಕೆ. ಹೊಸ ನಿರ್ದೇಶಕನ ಕಡಿಮೆ ಖರ್ಚಿನ ಚಿತ್ರಕ್ಕೆ ಆ ಹೊತ್ತಿನ ದೊಡ್ಡ ಹೀರೋ ಒಪ್ಪಿಕೊಂಡದ್ದು ಅವರ ಸ್ವಭಾವವನ್ನು ಹೇಳುತ್ತದೆ. ಇದೇ ದೇಸಾಯಿ ಮುಂದೆ ನಮ್ಮ ಮಣಿಪಾಲಕ್ಕೆ ಬಂದು, ಬ್ಯಾಂಕ್ ದರೋಡೆಯ 'ನಿಷ್ಕರ್ಷ' ತೆಗೆದರು. ಅಷ್ಟು ಹೊತ್ತಿಗೆ ಶಂಕರ್ ಇರಲಿಲ್ಲ.

ಸಿನಿಮಾದ ಹೊರಗೂ ಅವರಿಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ರೆಕಾರ್ಡಿಂಗಿಗೆ ಕನ್ನಡದವರು ಮದ್ರಾಸಿಗೆ ಓಡಬೇಕಾಗಿದ್ದ ಕಾಲದಲ್ಲಿ ಅಣ್ಣನ ಜೊತೆ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಮಾಡಿದರು. ಸಂಕೇತ್ ಹೆಸರಿನ ನಾಟಕ ತಂಡ ಬೇರೆ ಇತ್ತು, ಕಾರ್ನಾಡರ 'ನಾಗಮಂಡಲ'ವನ್ನು ರಂಗಕ್ಕೆ ತಂದರು. ರಾಜ್‌ಕುಮಾರ್ ಅವರನ್ನು ಇಟ್ಟುಕೊಂಡು ಸಮುದ್ರದೊಳಗೆ ಚಿತ್ರೀಕರಿಸಿದ 'ಒಂದು ಮುತ್ತಿನ ಕಥೆ' 1987ರದ್ದು. ಬೆಂಗಳೂರಿಗೆ ಮೆಟ್ರೋ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ಖರ್ಚಿನ ಮನೆ, ಹೀಗೆ ಅವರು ಯೋಜನೆಗಳನ್ನು ಹಿಡಿದುಕೊಂಡು ಓಡಾಡುತ್ತಿದ್ದರು ಎಂದು ಜೊತೆಗಿದ್ದವರು ಹೇಳುತ್ತಾ ಬಂದಿದ್ದಾರೆ. ಬೆಂಗಳೂರಿನಲ್ಲಿ ಮೆಟ್ರೋ ಓಡಿದ್ದು 2011ರಲ್ಲಿ.

1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರದ ಶೂಟಿಂಗಿಗೆ ಹೋಗುತ್ತಿದ್ದಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೆ ಸಿಕ್ಕಿತು. ಶಂಕರ್ ತೀರಿಕೊಂಡರು. ಜೊತೆಗಿದ್ದ ಅರುಂಧತಿ ಅವರೂ ಮಗಳು ಕಾವ್ಯಾ ಅವರೂ ಉಳಿದರು. ಶಂಕರ್ ಅವರಿಗೆ ಆಗ 35 ವರ್ಷ, 36 ತುಂಬಲು ನಲವತ್ತು ದಿನ ಬಾಕಿ. ಗಾಯಗೊಂಡಿದ್ದ ಅರುಂಧತಿ ಮತ್ತೆ ಎದ್ದು, ವರ್ಷಾನುಗಟ್ಟಲೆ ಓಡಾಡಿ ಹಣ ಕೂಡಿಸಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಎಂಬ ನಾಟಕ ಮಂದಿರ ತೆರೆದರು.

ಮಾಮೂ ಹೋದ ತಿಂಗಳು ಹೊಸ ರಿಕ್ಷಾ ತೆಗೆದುಕೊಂಡರು. ಮಕ್ಕಾದ ಚಿತ್ರ ಅದೇ ದಿನ ಬಂತು. ಶಂಕರ್ ನಾಗ್ ಅವರ ಹಳೆಯ ಫೋಟೋ ಕೀಳುವಾಗ ಹರಿಯಿತು. ಉಡುಪಿಯ ಎರಡು ಸ್ಟಿಕ್ಕರ್ ಅಂಗಡಿಗಳಲ್ಲಿ ಕೇಳಿದೆ, ಇರಲಿಲ್ಲ. ಮೂರನೆಯವರು ಮಾಡಿಕೊಡುತ್ತೇನೆ, ಫೋಟೋ ಕಳಿಸಿ ಎಂದಿದ್ದಾರೆ. ಯೂನಿಫಾರ್ಮಿನ ಫೋಟೋ ಬೇಕೋ ಬರೀ ಮುಖ ಸಾಕೋ ಎಂದು ಮಾಮೂ ಇನ್ನೂ ಹೇಳಿಲ್ಲ.

ಬರುವ ಶನಿವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಎವಿ ರೂಮಿನಲ್ಲಿ 'ಆಕ್ಸಿಡೆಂಟ್' ಹಾಕಲು ಪ್ರಿನ್ಸಿಪಾಲರು ಒಪ್ಪಿದ್ದಾರೆ. ನೋಡಲು ಬರುವವರು ಗುರುವಾರದೊಳಗೆ ನನ್ನ ಹತ್ತಿರ ಹೆಸರು ಕೊಡಬೇಕು. ಕುರ್ಚಿಗಳು 60 ಮಾತ್ರ ಇವೆ.